‘ನೀರು ಕೊಡಲಿಲ್ಲ’ ಎಂದರೆ ಯಾರು ಕೊಡಲಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಅವಳ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಅಂಬೇಡ್ಕರ್ ಅವರ ಜೀವನದ ಚಿತ್ರಪುಸ್ತಕವೊಂದನ್ನು ತಂದುಕೊಟ್ಟ. ರಾತ್ರಿ ಮಲಗುವ ಮುಂಚೆ ಓದಲು ಕೂತೆವು. ಪುಟ್ಟ ಭೀಮ ಕ್ಲಾಸಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿರುವ ಪುಟ ಬಂತು. ಅದರ ಮುಂದಿನ ಪುಟದಲ್ಲಿ ಅವನಿಗೆ ಬಾಯಾರಿಕೆ, ನೀರಿಲ್ಲ. ಮಗಳು ಅಳಲು ಶುರು ಮಾಡಿದಳು. ನಮ್ಮ ಅತ್ತೆ ಪುಸ್ತಕ ತೆಗೆದು ಬೀರುವಿನ ಮೇಲಿಟ್ಟರು. ‘ಇಷ್ಟು ಚಿಕ್ಕ ಮಗುವಿಗೆ ಜಾತಿ ಗೀತಿ ಯಾಕೆ? ಅವಳಿಗೆ ಅದೇನು ಅಂತಾನೇ ಗೊತ್ತಿಲ್ಲ. ನಾವೇ ಕಲಿಸಿಕೊಟ್ಟ ಹಾಗಾಗುತ್ತೆ’ ಅಂದರು. ಸ್ಕೂಲಿನ ಲೈಬ್ರರಿಯಿಂದ ಅವಳು ತಂದ ಇನ್ನೊಂದು ಪುಸ್ತಕದಲ್ಲಿ ಇದೇನೂ ಇಲ್ಲ. ಬಡವರ ಮನೆಯ ಹುಡುಗ, ಬೀದಿ ದೀಪದ ಕೆಳಗೆ ಓದಿದ, ಒಬ್ಬನೇ ಕೂತು ಸಂವಿಧಾನ ಬರೆದ ಅಂತ ಇದೆ. ಎರಡರಲ್ಲಿ ಯಾವುದು ನಿಜ? ಈ ವಯಸ್ಸಿಗೆ ಇಂಥ ಪುಸ್ತಕ ಕೊಟ್ಟಿದ್ದೇ ತಪ್ಪಾ? ಎಷ್ಟು ವರ್ಷ ಆದಮೇಲೆ ಕೊಡಬೇಕು? ಎರಡು ದಿನ ಬಿಟ್ಟು ಮಗಳು ಕೇಳಿದಳು: ‘ಅಮ್ಮಾ, ಕೆಲಸದ ಆಂಟಿ ಲೋಟ ಯಾಕೆ ಕಿಟಕಿ ಮೇಲೆ ಇರುತ್ತೆ? ಅವರೂ ಭೀಮನಾ?’ ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ‘ಹೋಂವರ್ಕ್ ಮಾಡು ಹೋಗು’ ಅಂದುಬಿಟ್ಟೆ.
ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ನಿಮ್ಮ ಮಗಳು ಕೇಳಿದ್ದು ಒಂದು. ಅವಳದ್ದಕ್ಕೆ ಕೊನೆಯಲ್ಲಿ ಬರುತ್ತೇನೆ. ಯಾಕೆಂದರೆ ಅದೇ ಕಷ್ಟದ್ದು.

ಮೊದಲು ಅಳುವಿನ ವಿಷಯ. ಇಪ್ಪತ್ತು ವರ್ಷದಿಂದ ಮಕ್ಕಳ ಪುಸ್ತಕಗಳನ್ನು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಲೈಬ್ರರಿಗಳಲ್ಲಿ, ಶಾಲೆಗಳಲ್ಲಿ ಮಕ್ಕಳ ಜೊತೆ ಕೂತು ಓದಿದ್ದೇನೆ. ಮಕ್ಕಳು ಪುಸ್ತಕ ನೋಡಿ ಅಳುವುದು ಅಪರೂಪವೇನಲ್ಲ. ಆದರೆ ನಾವು ಅಂದುಕೊಂಡ ಕಾರಣಕ್ಕೇ ಅತ್ತರು ಅಂತ ಹೇಳಲಾಗದು. ಇಂಥದ್ದೇ ಗೋಣಿಚೀಲದ ಪುಟ ನೋಡಿ ಒಬ್ಬ ಹುಡುಗ ಕಣ್ಣೀರು ಹಾಕಿದ್ದ. ಕೇಳಿದರೆ, ‘ಅವನು ಆ ಚೀಲ ದಿನಾ ಮನೆಗೆ ಹೊತ್ಕೊಂಡು ಹೋಗ್ಬೇಕಾ? ಬ್ಯಾಗೂ ಇರುತ್ತಲ್ಲಾ?’ ಎಂದ. ಅವನಿಗೆ ಭಾರದ ಚಿಂತೆ. ಹಾಗಾಗಿ ಏನನ್ನೂ ವಿವರಿಸುವ ಮುಂಚೆ ಒಂದು ಮಾತು ಕೇಳಿ: ‘ಯಾವುದು ನೋಡಿ ಅಳು ಬಂತು?’ ಅಷ್ಟೇ ಕೇಳಿ ಸುಮ್ಮನಿರಿ. ಅವಳು ಕೇಳದ್ದಕ್ಕೆಲ್ಲ ಉತ್ತರ ಕೊಡುವ ಕಷ್ಟ ತಪ್ಪುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ‘ನಾವೇ ಕಲಿಸಿಕೊಟ್ಟ ಹಾಗಾಗುತ್ತೆ’ ಅನ್ನುವ ಭಯ ಎಷ್ಟೋ ಓದಿದವರಿಗೂ ಇದೆ. ಆದರೆ ನಿಮ್ಮ ಪತ್ರದಲ್ಲೇ ಅದಕ್ಕೆ ಉತ್ತರ ಇದೆ. ಕಿಟಕಿ ಮೇಲಿನ ಲೋಟವನ್ನು ಮಗಳು ಪುಸ್ತಕಕ್ಕಿಂತ ಮುಂಚೆಯೇ ನೋಡಿದ್ದಳು. ಪುಸ್ತಕ ಅವಳಿಗೆ ಜಾತಿಯನ್ನು ಕಲಿಸಲಿಲ್ಲ, ಕಂಡಿದ್ದನ್ನು ಕೇಳುವ ದಾರಿ ತೋರಿಸಿತು. ಏಳು ವರ್ಷದ ಮಕ್ಕಳು ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ತಟ್ಟೆ ಅನ್ನುವುದನ್ನು ನಮಗಿಂತ ಚೆನ್ನಾಗಿ ಗಮನಿಸುತ್ತಾರೆ. ಕಾರಣ ಯಾರೂ ಹೇಳದಿದ್ದರೆ ತಾವೇ ಒಂದು ಕಾರಣ ಹೊಂದಿಸಿಕೊಳ್ಳುತ್ತಾರೆ. ‘ಆಂಟಿ ಕೊಳಕು, ಅದಕ್ಕೆ ಲೋಟ ಬೇರೆ’ ಅನ್ನುವುದೇ ಮಗುವಿಗೆ ಎಲ್ಲಕ್ಕಿಂತ ಬೇಗ ಸಿಗುವ ಕಾರಣ. ಬೀರುವಿನ ಮೇಲಿಟ್ಟ ಪುಸ್ತಕಕ್ಕಿಂತ ನನಗೆ ಹೆದರಿಕೆ ಇದರದ್ದೇ.

ಈಗ ಯಾವ ಪುಸ್ತಕ ನಿಜ ಅನ್ನುವ ಪ್ರಶ್ನೆ. ಮೊದಲನೆಯದು ನಿಜಕ್ಕೆ ಹತ್ತಿರ ಇದೆ. ಎರಡನೆಯದು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಎಲ್ಲ ಮಹಾಪುರುಷರಿಗೂ ಹೊಲಿಯುವ ಒಂದೇ ಅಳತೆಯ ಅಂಗಿಯನ್ನು ಇವರಿಗೂ ಹೊಲಿದಿದೆ.

ಬೀದಿ ದೀಪವನ್ನೇ ನೋಡಿ. ನಮ್ಮಲ್ಲಿ ಅದು ವಿಶ್ವೇಶ್ವರಯ್ಯನವರ ಕಥೆ. ಬಂಗಾಳಕ್ಕೆ ಹೋದರೆ ಈಶ್ವರಚಂದ್ರ ವಿದ್ಯಾಸಾಗರರದ್ದು. ಯಾರ ಜೀವನ ಬರೆದರೂ ಆ ಕಂಬ ಎದ್ದು ಬಂದು ನಿಲ್ಲುತ್ತದೆ. ಭೀಮರಾವ್ ಮುಂಬೈಯಲ್ಲಿ ಓದಿದ್ದು ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ. ಇಡೀ ಸಂಸಾರ ಅದರಲ್ಲೇ. ಸಂಜೆ ಬೇಗ ಮಲಗಿಸಿ, ನಡುರಾತ್ರಿ ಕಳೆದಮೇಲೆ ಅಪ್ಪ ಎಬ್ಬಿಸುತ್ತಿದ್ದರು, ಉಳಿದವರು ಮಲಗಿರುವಾಗ ಓದಲಿ ಅಂತ. ಕಂಬಕ್ಕಿಂತ ಇದು ಎಷ್ಟು ಚೆನ್ನಾಗಿದೆ, ಅಲ್ವಾ? ಇಲ್ಲಿ ಒಬ್ಬ ಅಪ್ಪ ಇದ್ದಾರೆ. ಕಂಬದ ಕಥೆಯಲ್ಲಿ ಹುಡುಗ ಒಬ್ಬನೇ.

ಆ ಪುಸ್ತಕದ ಎರಡನೇ ವಿಷಯ ‘ಬಡವ, ಅದಕ್ಕೇ ಕಷ್ಟಪಟ್ಟ’ ಅನ್ನುವುದು. ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು. ಯಾಕೆಂದರೆ ಓದಿದ ಮಗುವಿನ ತಲೆಯಲ್ಲಿ ಇಡೀ ವಿಷಯ ತಲೆಕೆಳಗಾಗುತ್ತದೆ. ಅವರ ಅಪ್ಪ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂ ದಂಡಿನ ಊರಲ್ಲಿ. ಆಮೇಲೆ ಮುಂಬೈಯಲ್ಲಿ ಬಡತನ ಕಂಡದ್ದು ನಿಜ. ಆದರೆ ನೀರು ಸಿಗದೇ ಹೋದದ್ದು ಬಡತನದಿಂದ ಅಲ್ಲ.

ಅಂಬೇಡ್ಕರ್ ತಾವೇ ಬರೆದಿಟ್ಟ ಒಂದು ಸಣ್ಣ ನೆನಪಿನ ಬರಹದಲ್ಲಿ 1901ರ ಒಂದು ಪ್ರಯಾಣ ಬರುತ್ತದೆ. ಆಗ ಅವರಿಗೆ ಸುಮಾರು 9 ವರ್ಷ. ಮನೆ ಸಾತಾರಾದಲ್ಲಿ. ಅಪ್ಪನಿಗೆ ಗೋರೆಗಾಂವ್ ಅನ್ನುವ ಊರಲ್ಲಿ ಕ್ಯಾಷಿಯರ್ ಕೆಲಸ. ಬೇಸಿಗೆ ರಜೆಗೆ ಬನ್ನಿ ಅಂತ ಅಪ್ಪ ಕರೆದರು. ಅಣ್ಣನ ಜೊತೆ, ಮನೆಯ ಇನ್ನೊಬ್ಬ ಹುಡುಗನ ಜೊತೆ ರೈಲಿಗೆ ಹೊರಟರು. ಮೈಮೇಲೆ ಹೊಸ ಅಂಗಿ, ಮಿರಿಮಿರಿ ಟೋಪಿ, ರೇಷ್ಮೆ ಅಂಚಿನ ಪಂಚೆ, ಕಾಲಿಗೆ ಹೊಸ ಬೂಟು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ್ ಬಂದು ಪ್ರೀತಿಯಿಂದ ವಿಚಾರಿಸಿದರು. ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದುಕೊಂಡಿದ್ದರು. ನೀವು ಯಾರು ಅಂತ ಕೇಳಿದಾಗ ಹುಡುಗ ಯೋಚನೆ ಮಾಡದೆ ‘ಮಹಾರರು’ ಎಂದ. ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಜಾತಿ ಅದು. ಮಾಸ್ತರರ ಮುಖ ಬದಲಾಯಿತು. ಹಿಂದೆ ಸರಿದು ತಮ್ಮ ಕೋಣೆಗೆ ಹೋದರು.

ಬಾಡಿಗೆ ಗಾಡಿಗಳಿದ್ದವು. ಆದರೆ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ, ಎರಡರಷ್ಟು ಬಾಡಿಗೆಗೆ. ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದ. ಅವರ ಹತ್ತಿರ ಬುತ್ತಿ ಇತ್ತು. ನೀರು ಇರಲಿಲ್ಲ. ಕತ್ತಲಾದ ಮೇಲೆ ಸುಂಕದ ಕಟ್ಟೆಯವನನ್ನು ಕೇಳಿದರೂ ಸಿಗಲಿಲ್ಲ. ಬುತ್ತಿ ಪಕ್ಕದಲ್ಲಿದ್ದೂ ಹಸಿದೇ ಮಲಗಿದರು.

ಕೈಯಲ್ಲಿ ದುಡ್ಡಿತ್ತು, ಮೈಮೇಲೆ ಒಳ್ಳೆ ಬಟ್ಟೆ ಇತ್ತು. ಆದರೂ ನೀರಿಲ್ಲ. ಇಷ್ಟು ತಿಳಿದರೆ ಜಾತಿ ಅಂದರೆ ಏನು ಅಂತ ಏಳು ವರ್ಷದ ಮಗುವಿಗೆ ಬೇರೆ ಪಾಠ ಬೇಕಾಗಿಲ್ಲ. ಆದರೆ ಕರಡು ಚಿತ್ರಗಳು ನನ್ನ ಟೇಬಲ್ಲಿಗೆ ಬಂದಾಗ ಸ್ಟೇಷನ್ನಿನ ಹುಡುಗನಿಗೆ ಹರಿದ ಚಡ್ಡಿ ಇರುತ್ತದೆ. ಒಮ್ಮೆ ಕನ್ನಡಕವೂ ಇತ್ತು! ದೊಡ್ಡವರಾದ ಮೇಲಿನ ಫೋಟೋ ನೋಡಿ ನೋಡಿ ಕಲಾವಿದರಿಗೆ ಕೈ ರೂಢಿಯಾಗಿರುತ್ತದೆ.

ಇನ್ನು ಸಂವಿಧಾನ. ‘ಒಬ್ಬರೇ ಬರೆದರು’ ಅನ್ನುವವರಿದ್ದಾರೆ. ಅದಕ್ಕೆ ಸಿಟ್ಟಾಗಿ ‘ಅವರು ಬರೀ ಸಮಿತಿಯ ಅಧ್ಯಕ್ಷರು’ ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. 1947ರ ಆಗಸ್ಟ್ 29ರಂದು ಕರಡು ಸಮಿತಿ ಆಯಿತು. 7 ಜನ, ಅಂಬೇಡ್ಕರ್ ಅಧ್ಯಕ್ಷರು. ಮೊದಲ ಕರಡನ್ನು ಸಿದ್ಧ ಮಾಡಿದ್ದು ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ನಮ್ಮ ಕರಾವಳಿಯವರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಾವೇ ಅವರ ಹೆಸರು ಹೇಳಿ, ಈ ಕೀರ್ತಿಯಲ್ಲಿ ಅವರಿಗೂ ಪಾಲಿದೆ ಎಂದರು. ಹಾಗಂತ ಅಂಬೇಡ್ಕರ್ ಕೆಲಸ ಸಣ್ಣದಾಗುವುದಿಲ್ಲ. ಅದೇ ಸಮಿತಿಯಲ್ಲಿದ್ದ ಟಿ.ಟಿ. ಕೃಷ್ಣಮಾಚಾರಿ 1948ರಲ್ಲಿ ಸಂವಿಧಾನ ರಚನಾ ಸಭೆಗೆ ಹೇಳಿದ್ದರು: ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕಕ್ಕೆ ಹೋಗಿದ್ದರು, ಹೀಗೆ ಕೊನೆಗೆ ಭಾರವೆಲ್ಲ ಅಂಬೇಡ್ಕರ್ ಮೇಲೆ ಬಿತ್ತು ಅಂತ. ಒಂದೊಂದು ವಿಧಿಯ ಮೇಲೂ ಎದ್ದ ಪ್ರಶ್ನೆಗಳಿಗೆ ಸಭೆಯಲ್ಲಿ ನಿಂತು ಉತ್ತರ ಕೊಟ್ಟವರು ಅವರು. ಮಗಳಿಗೆ ಇಷ್ಟೆಲ್ಲ ಬೇಡ. ‘ತುಂಬಾ ಜನ ಸೇರಿ ಮಾಡಿದರು, ಎಲ್ಲರಿಗಿಂತ ಜಾಸ್ತಿ ಕೆಲಸ ಇವರು ಮಾಡಿದರು’ ಅಂದರೆ ಸಾಕು. ಅವಳಿಗೆ ಚಿತ್ರ ಬರೆಯುವ ಆಸೆ ಇದ್ದರೆ ಇದನ್ನೂ ಹೇಳಿ. ಸಂವಿಧಾನದ ಮೂಲ ಪ್ರತಿಯನ್ನು ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅನ್ನುವ ಅಕ್ಷರ ಕಲಾವಿದರು. ಅದರ ಪುಟಗಳಿಗೆ ಚಿತ್ರ ಬರೆದವರು ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಅಂದರೆ ಅದೂ ಒಂದು ರೀತಿ ಚಿತ್ರಪುಸ್ತಕವೇ.

ಇಂಥ ಪುಸ್ತಕಗಳು ಹೀಗೇಕೆ ಆಗುತ್ತವೆ? ನಮ್ಮ ಕಸುಬಿನ ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಕೆಲವು ಸಲ 24. ಮುದ್ರಣದ ಹಾಳೆ ಮಡಚಿದಾಗ ಸಿಗುವ ಲೆಕ್ಕ ಅದು. ಹೆಸರಿನ ಪುಟ, ಅದೂ ಇದೂ ತೆಗೆದರೆ ಕಥೆಗೆ ಉಳಿಯುವುದು ಎದುರುಬದುರಿನ 14 ಜೋಡಿ ಪುಟ. ಅಷ್ಟರಲ್ಲಿ 65 ವರ್ಷದ ಬದುಕು ಹಿಡಿಸಬೇಕು. ಏನನ್ನು ಬಿಡುತ್ತಾರೆ? ಯಾರೂ ದೂರು ಕೊಡದ ಹಾಗೆ ಏನನ್ನು ಬಿಡಬಹುದೋ ಅದನ್ನು. ಶಾಲೆಗಳಿಗೆ ಸಗಟಿನಲ್ಲಿ ಮಾರುವ ‘ಮಹಾನ್ ವ್ಯಕ್ತಿಗಳು’ ಸರಣಿಯಾದರೆ ಇನ್ನೂ ಕಷ್ಟ. ಹತ್ತು ಪುಸ್ತಕ, ಒಬ್ಬರೇ ಕಲಾವಿದರು, ಅದೇ ಗುಡಿಸಲು, ಅದೇ ಅಮ್ಮ, ಅದೇ ದೀಪ. ಹೆಸರು ಬದಲಾಯಿಸಿದರೆ ಇನ್ನೊಂದು ಪುಸ್ತಕ. ಏಪ್ರಿಲ್ 14ರೊಳಗೆ ಅಂಗಡಿಗೆ ಬರಬೇಕು ಅನ್ನುವ ಅವಸರ ಬೇರೆ.

ಇದಕ್ಕಿಂತ ಸೂಕ್ಷ್ಮವಾದ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಭೀಮನಿಗೆ ನೀರು ಕೊಡುತ್ತಿರಲಿಲ್ಲ.’ ಕನ್ನಡದಲ್ಲಿ ಈ ವಾಕ್ಯ ಪೂರ್ತಿ ಸರಿ. ವ್ಯಾಕರಣದ ತಪ್ಪಿಲ್ಲ. ಆದರೆ ಕೊಡದವರು ಯಾರು? ವಾಕ್ಯದಲ್ಲಿ ಇಲ್ಲ. ‘ದೂರ ಕೂರಿಸುತ್ತಿದ್ದರು.’ ಯಾರು? ‘ಮುಟ್ಟಿಸಿಕೊಳ್ಳುತ್ತಿರಲಿಲ್ಲ.’ ಯಾರು? ಮಾಡಿದವರ ಹೆಸರು ಹೇಳದೆಯೇ ಕಥೆ ಮುಗಿಸಬಹುದಾದ ಅನುಕೂಲ ನಮಗಿದೆ. ಅದನ್ನು ಧಾರಾಳವಾಗಿ ಬಳಸಿಕೊಳ್ಳುತ್ತೇವೆ. ಮಳೆ ಬರಲಿಲ್ಲ ಅನ್ನುವ ಹಾಗೆ ನೀರು ಕೊಡಲಿಲ್ಲ. ಮಕ್ಕಳು ಮಾತ್ರ ಬಿಡುವುದಿಲ್ಲ. ‘ಯಾರು ಕೊಡಲಿಲ್ಲ?’ ಅಂತ ಕೇಳಿಯೇ ಕೇಳುತ್ತಾರೆ. ನಾನು ಕರಡು ತಿದ್ದುವಾಗ ಪೆನ್ಸಿಲಿನಲ್ಲಿ ಅತಿ ಹೆಚ್ಚು ಸಲ ಬರೆದ ಪದ ‘ಯಾರು?’

ಅಂಬೇಡ್ಕರ್ ಬರಹದಲ್ಲಿ ಆ ಯಾರು ಸ್ಪಷ್ಟವಾಗಿದ್ದಾರೆ. ಶಾಲೆಯ ನಲ್ಲಿಯನ್ನು ಹುಡುಗ ಮುಟ್ಟುವ ಹಾಗಿಲ್ಲ. ಮೇಷ್ಟ್ರು ಹೂಂ ಅಂದರೆ ಸಾಲದು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಗೋಣಿಚೀಲವನ್ನು ಮನೆಗೆ ಒಯ್ಯಬೇಕಾಗಿದ್ದು ಕ್ಲಾಸು ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ ಅಂತ. ಕ್ಷೌರಿಕ ಕೂದಲು ಕತ್ತರಿಸುತ್ತಿರಲಿಲ್ಲ, ಆ ಕೆಲಸ ಅಕ್ಕನದ್ದು. ಇವರಲ್ಲಿ ರಾಕ್ಷಸರು ಯಾರೂ ಇಲ್ಲ. ನಮ್ಮ ನಿಮ್ಮ ಹಾಗೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು. ಕೊಡದಿರುವುದು ಅವರಿಗೆ ಅಭ್ಯಾಸ. ಮಸೂರಿನ ಕಥೆಯಲ್ಲಿ ಇನ್ನೊಂದು ವಿಷಯವಿದೆ, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಹುಡುಗರು ಬರುವ ಕಾಗದ ಮೊದಲೇ ತಲುಪಿತ್ತು. ಅಪ್ಪನ ಕೆಲಸದಾಳು ಅದನ್ನು ಕೊಡಲು ಮರೆತಿದ್ದ. ಆ ಮರೆವಿನಿಂದಲೇ ಹುಡುಗರು ಸ್ಟೇಷನ್ನಿನಲ್ಲಿ ಕಾಯಬೇಕಾಯಿತು. ಆದರೆ ಮಾಸ್ತರರು ಹಿಂದೆ ಸರಿದದ್ದು ಮರೆವಿನಿಂದ ಅಲ್ಲ. ಈ ಎರಡರ ವ್ಯತ್ಯಾಸ ಏಳು ವರ್ಷದವರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಬೇಕಾದರೆ ಕೇಳಿ ನೋಡಿ.

ಸರಿ, ಈಗ ಏನು ಮಾಡಬಹುದು?

ಪುಸ್ತಕವನ್ನು ಬೀರುವಿನ ಮೇಲೇ ಬಿಟ್ಟು, ಅವಳಿಗೆ ಹತ್ತು ವರ್ಷ ತುಂಬಿದ ಮೇಲೆ ಕೊಡಬಹುದು. ನಾಲ್ಕು ವರ್ಷದ ಮಗುವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಮಗಳು ನೋಡಿ ಆಗಿದೆ. ಈಗ ಮುಚ್ಚಿಟ್ಟರೆ ಆ ಪುಟದಲ್ಲಿ ಏನೋ ನಾಚಿಕೆಯ ವಿಷಯ ಇದೆ ಅನ್ನುವುದು ಅವಳ ತಲೆಯಲ್ಲಿ ಉಳಿಯುತ್ತದೆ. ನಾಚಿಕೆ ಯಾರದ್ದು ಅನ್ನುವುದೂ ಗೊತ್ತಾಗುವುದಿಲ್ಲ, ಭೀಮನದ್ದೇ ಅಂದುಕೊಂಡುಬಿಡಬಹುದು.

ಕಷ್ಟದ ಪುಟ ಹಾರಿಸಿ ಸಂವಿಧಾನಕ್ಕೆ ಹೋಗಬಹುದು. ಮನೆಯಲ್ಲಿ ಗಲಾಟೆ ಇರುವುದಿಲ್ಲ. ಆದರೆ ಹಾರಿಸಿದ್ದು ಅವಳಿಗೆ ಗೊತ್ತಾಗುತ್ತದೆ. ಅಲ್ಲದೆ ನೀರಿನ ಪುಟ ಇಲ್ಲದಿದ್ದರೆ, ಸಂವಿಧಾನದ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ಯಾಕೆ ರದ್ದು ಮಾಡಬೇಕಾಯಿತು ಅಂತ ಹೇಳಲು ಬರುವುದೇ ಇಲ್ಲ. ಕೋಟು ಹಾಕಿಕೊಂಡ ಜಾಣರೊಬ್ಬರು ದಪ್ಪ ಪುಸ್ತಕ ಬರೆದರು ಅನ್ನುವಷ್ಟಕ್ಕೆ ಕಥೆ ನಿಲ್ಲುತ್ತದೆ.

ಪೂರ್ತಿ ಓದಬಹುದು. ಇದರ ಅಪಾಯ ಕನಿಕರ. ‘ಅಯ್ಯೋ ಪಾಪ ಭೀಮ’ ಅನ್ನುವಲ್ಲೇ ಮಗು ನಿಂತುಬಿಡುತ್ತದೆ. ಕೆಲವು ಚಿತ್ರಗಳೂ ಹಾಗೇ ಇರುತ್ತವೆ: ಮೇಲಿನಿಂದ ನೋಡಿದ ಹಾಗೆ, ಹುಡುಗ ತಲೆ ಬಗ್ಗಿಸಿ ಮುದುಡಿ ಕೂತಿರುತ್ತಾನೆ.

ನಾನು ಮಾಡುವುದು ಬೇರೆ. ಮಹಾಡದಿಂದ ಶುರು ಮಾಡುತ್ತೇನೆ. ಕೊಂಕಣದ ಆ ಊರಲ್ಲಿ ಒಂದು ಕೆರೆ ಇದೆ. ಹೆಸರು ಚವದಾರ್, ಮರಾಠಿಯಲ್ಲಿ ರುಚಿಯಾದದ್ದು ಅಂತ ಅರ್ಥ. ಕೆರೆ ಎಲ್ಲರಿಗೂ ಸೇರಿದ್ದು ಅಂತ ಅಲ್ಲಿನ ಪುರಸಭೆ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಅಷ್ಟೇ. ದಲಿತರು ಅಲ್ಲಿ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಆ ಕೆರೆಗೆ ನಡೆದುಹೋದರು. ಬಗ್ಗಿ, ಬೊಗಸೆಯಲ್ಲಿ ನೀರು ಕುಡಿದರು. ಜನರೂ ಕುಡಿದರು. ಅದಾದ ಮೇಲೆ ಅವರ ಮೇಲೆ ಹಲ್ಲೆ ಆಯಿತು. ಮೇಲ್ಜಾತಿಯವರು ಕೆರೆಗೆ ‘ಶುದ್ಧಿ’ ಮಾಡಿಸಿದರು. ಕೋರ್ಟಿನಲ್ಲಿ ತೀರ್ಮಾನ ಆಗಲು 1937ರವರೆಗೆ ಕಾಯಬೇಕಾಯಿತು. ನೀರಿನಲ್ಲಿ ಅಂಥದ್ದೇನೂ ವಿಶೇಷ ಇಲ್ಲ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ತೋರಿಸಲು ಹೋಗುತ್ತಿದ್ದೇವೆ ಅನ್ನುವ ಅರ್ಥದ ಮಾತನ್ನು ಅಂಬೇಡ್ಕರ್ 1927ರ ಡಿಸೆಂಬರಿನಲ್ಲಿ ಅಲ್ಲೇ ಹೇಳಿದ್ದರು.

ಮೊದಲು ಈ ಪುಟ ತೋರಿಸಿ. ‘ಒಂದು ಬೊಗಸೆ ನೀರು ಕುಡಿಯೋಕೆ ಇಷ್ಟು ಜನ ಯಾಕೆ ಬಂದರು?’ ಅಂತ ಅವಳೇ ಕೇಳುತ್ತಾಳೆ. ಆಗ ಹಿಂದಕ್ಕೆ ತಿರುಗಿಸಿ, ಮಸೂರಿಗೆ, ಶಾಲೆಯ ನಲ್ಲಿಗೆ ಹೋಗಿ. ಕೆರೆಗೆ ಇಳಿದ ಮನುಷ್ಯನನ್ನು ಮೊದಲೇ ನೋಡಿರುವುದರಿಂದ ಬಾಯಾರಿದ ಹುಡುಗನನ್ನು ನೋಡಿದಾಗ ಕನಿಕರ ಕಡಿಮೆ, ಸಿಟ್ಟು ಜಾಸ್ತಿ ಬರುತ್ತದೆ. ಮಕ್ಕಳ ಸಿಟ್ಟು ಒಳ್ಳೆಯದು. ಆದರೆ ‘ಅದೆಲ್ಲ ಆಗಿನ ಕಾಲ, ಈಗ ಇಲ್ಲ’ ಅಂತ ಹೇಳಿ ಅದನ್ನು ಆರಿಸಬೇಡಿ. ಕಿಟಕಿ ಮೇಲಿನ ಲೋಟ ನೋಡಿದ ಮಗು ಅದನ್ನು ನಂಬುವುದಿಲ್ಲ.

ಈ ಉತ್ತರ ಓದುವ ಶಿಕ್ಷಕರಿಗೆ ಒಂದು ಮಾತು. ಒಂದು ಶಾಲೆಯಲ್ಲಿ ಇಂಥ ಪುಟ ಓದುತ್ತಿದ್ದಾಗ ಮೇಷ್ಟ್ರ ಕಣ್ಣು ತಿಳಿಯದೆ ಒಂದು ಬೆಂಚಿನ ಕಡೆ ಹೋಯಿತು. ಇಡೀ ಕ್ಲಾಸು ಆ ಕಡೆ ತಿರುಗಿತು. ಆ ಹುಡುಗಿ ಮುಖ ಕೆಳಗೆ ಹಾಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದು ತಮ್ಮ ಅಜ್ಜ ಅಜ್ಜಿಯರ ಕಥೆಯೇ ಆಗಿರುವ ಮಕ್ಕಳು ಕ್ಲಾಸಿನಲ್ಲಿ ಇರುತ್ತಾರೆ. ಅವರಿಗೆ ಗೋಣಿಚೀಲದಿಂದ ಶುರು ಮಾಡಲೇಬೇಡಿ. ಓದುವಾಗ ಕಣ್ಣು ಪುಸ್ತಕದ ಮೇಲೆ ಇರಲಿ.

ಈಗ ನಿಮ್ಮ ಮಗಳ ಪ್ರಶ್ನೆ. ‘ಅವರೂ ಭೀಮನಾ?’

ಆ ಆಂಟಿಯ ಹೆಸರು ಮಗಳಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಅಲ್ಲಿಂದ ಶುರು ಮಾಡಿ. ಅವರು ಭೀಮನಲ್ಲ, ಅವರಿಗೆ ಅವರದ್ದೇ ಹೆಸರಿದೆ, ಮನೆ ಇದೆ. ಲೋಟದ ವಿಷಯಕ್ಕೆ ಬಂದಾಗ, ದಯವಿಟ್ಟು, ‘ಬೇರೆ ಇಡ್ತಾರೆ’ ಅನ್ನಬೇಡಿ. ‘ಆ ಲೋಟ ಬೇರೆ ಇಟ್ಟಿದ್ದು ನಾವು. ಅದು ತಪ್ಪು. ಇನ್ನು ಮೇಲೆ ಇಡಲ್ಲ’ ಅನ್ನಿ. ಹೇಳುವುದಕ್ಕಿಂತ ಮುಂಚೆ ಲೋಟ ಒಳಗೆ ಬಂದಿರಬೇಕು. ಇಲ್ಲದಿದ್ದರೆ ನಾಳೆ ಅವಳು ಕಿಟಕಿ ನೋಡುತ್ತಾಳೆ, ಆಮೇಲೆ ನಿಮ್ಮ ಮುಖ ನೋಡುತ್ತಾಳೆ.

ಇದರಲ್ಲೂ ಎಡವುವ ಜಾಗಗಳಿವೆ. ಮಗಳನ್ನು ಮುಂದಿಟ್ಟುಕೊಂಡು ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಅಜ್ಜಿ ಕೆಟ್ಟವರು ಅಂತ ಮಗು ತೀರ್ಮಾನ ಮಾಡಿದರೆ ಅದು ಬೇರೆಯೇ ತೊಂದರೆ. ಅತ್ತೆಯವರ ಜೊತೆ ನೀವೊಬ್ಬರೇ, ಇಲ್ಲವೇ ನಿಮ್ಮ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿ. ಒಂದೇ ದಿನದಲ್ಲಿ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲಸಕ್ಕೆ ಬರುವವರನ್ನು ಕರೆದು ಮಗುವಿನ ಎದುರು ಕ್ಷಮೆ ಕೇಳುವ ನಾಟಕವೂ ಬೇಡ. ಅವರಿಗೆ ಮುಜುಗರ. ನಾಳೆ ಕಾಫಿಯನ್ನು ಎಲ್ಲರ ಲೋಟದಲ್ಲೇ ಕೊಡಿ, ಅಷ್ಟೇ.

ಲೈಬ್ರರಿ ಪುಸ್ತಕ ವಾಪಸ್ ಕೊಡುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಭೀಮನ ಬಟ್ಟೆ ಹೇಗಿದೆ ನೋಡು ಅಂತ ಮಗಳಿಗೆ ಹೇಳಿ. ಮಸೂರಿನ ಹೊಸ ಅಂಗಿಯ ಕಥೆ ಆಗ ಹೇಳಿ. ನಿಮ್ಮ ಪುಸ್ತಕದಲ್ಲಿ ಮಹಾಡದ ಕೆರೆ ಇಲ್ಲದಿದ್ದರೆ ಒಂದು ಬಿಳಿ ಹಾಳೆ ಕೊಡಿ, ಅವಳೇ ಬರೆಯಲಿ. ಬಾಯಾರಿಕೆಯ ಪುಟದ ಪಕ್ಕಕ್ಕೆ ಗೋಂದು ಹಾಕಿ ಅಂಟಿಸಿ. ನಿಮ್ಮ ಪುಸ್ತಕಕ್ಕೆ ಮಾತ್ರ, ಲೈಬ್ರರಿಯದ್ದಕ್ಕಲ್ಲ!